ಒಂದು ಪಟ್ಟೆ ಹಸುಗೆ, ಒಂದು ಪಟ್ಟೆ ಮಣ್ಣಿಗೆ

ಈ ಸಲ ನಮ್ಮ ಹೊಲದಲ್ಲಿ ರಾಗಿ ಎಕರೆಗೆ 15 ಕ್ವಿಂಟಲ್ ದಾಟಿತು. ಮಳೆ ನಂಬಿದ ಕೆಂಪು ಹೊಲ. ಒಟ್ಲಿಗೆ, ಅಂದರೆ ಸಸಿ ಮಡಿಗೆ, ಬಿಟ್ಟರೆ ಬೋರ್ ನೀರು ಒಂದು ಹನಿಯೂ ಕೊಟ್ಟಿಲ್ಲ. ಇದೇ ಹೊಲದಲ್ಲಿ ಮುಂಚೆ 8-9 ಬಂದರೆ ಅದೇ ಜಾಸ್ತಿ. ಚಿಂತಾಮಣಿ ಕಡೆ ನಾಲ್ಕು ಹಸು ಕಟ್ಟಿಕೊಂಡು ಮೂರೂವರೆ ಎಕರೆ ಮಾಡುವವರಿಗೆ ಇದರ ಬೆಲೆ ಗೊತ್ತು. ರಾಗಿಗೆ ಮುಂಚೆ ಹಸಿರೆಲೆ ಗೊಬ್ಬರಕ್ಕೆ ಸೆಣಬು, ಮೇವಿಗೆ ಅಲಸಂದೆ-ಸಜ್ಜೆ ಅಂತ ಪಟ್ಟೆ ಪಟ್ಟೆಯಾಗಿ ಹಾಕಿದ್ದರ ಫಲ ಇದು. ಅಂದು ನಕ್ಕವರೇ ಈಗ ಬೀಜ ಕೇಳಿಕೊಂಡು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಭರಣಿ, ಕೃತ್ತಿಕೆ ಮಳೆ ಬಿದ್ದ ಕೂಡಲೇ ಹೊಲ ಉತ್ತು ಸುಮ್ನೆ ಬಿಡುತ್ತೇವೆ, ಅಲ್ವಾ? ನಮ್ಮ ಕಡೆ ನಂಬಬಹುದಾದ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮೇ ತಿಂಗಳ ಮಳೆ ದಂಡ. ಉತ್ತ ಮಣ್ಣು ಬಿಸಿಲಿಗೆ ಸುಡುತ್ತದೆ, ಬಿರುಸು ಮಳೆ ಬಂದರೆ ಕೊಚ್ಚಿ ಹೋಗುತ್ತದೆ. ಆ ಎರಡು ತಿಂಗಳು ಏನಾದರೂ ಹಸಿರು ನಿಲ್ಲಿಸಿ, ಅದನ್ನೇ ಗೊಬ್ಬರವಾಗಿ ಮಣ್ಣಿಗೆ ಸೇರಿಸಬೇಕು ಅಂತ ನಾನು ಹಟ ಹಿಡಿದೆ. ಮಾವನವರು ಒಪ್ಪಲಿಲ್ಲ. "ಹಸು ಬಾಯಿಗೆ ಹೋಗೋದನ್ನ ಮಣ್ಣಿಗೆ ಹಾಕ್ತೀಯೇನಮ್ಮಾ?" ಅಂದರು. ಅವರ ಮಾತೂ ಸುಳ್ಳಲ್ಲ. ಜೂನ್‌ನಲ್ಲಿ ನಮ್ಮ ಮನೇಲಿ ಮೇವು ತಳ ಕಾಣುತ್ತಿತ್ತು.

ಮೊದಲ ವರ್ಷ ಇಡೀ ಹೊಲಕ್ಕೆ ಸೆಣಬು ಚೆಲ್ಲಿದೆವು. ಬೀಜಕ್ಕೇ ಎಕರೆಗೆ ಎರಡು ಸಾವಿರದ ಹತ್ತಿರ ಹೋಯಿತು. ಆಳೆತ್ತರ ಬೆಳೆಯಿತು. ಆದರೆ ಬೇಕಾದಾಗ ಟ್ರ್ಯಾಕ್ಟರ್ ಸಿಗಲಿಲ್ಲ. ಸಿಗುವ ಹೊತ್ತಿಗೆ ಕಾಂಡ ನಾರಾಗಿತ್ತು. ಮಣ್ಣು ಪುಡಿ ಮಾಡೋ ರೋಟವೇಟರ್ ಬ್ಲೇಡಿಗೆಲ್ಲ ನಾರು ಸುತ್ತಿಕೊಂಡು ಸುತ್ತಿಗೊಂದು ಸಲ ಗಾಡಿ ನಿಲ್ಲಿಸಿ ಕುಡುಗೋಲಲ್ಲಿ ಕೊಯ್ಯಬೇಕು. ಆ ನಿಂತ ಹೊತ್ತಿಗೂ ಬಾಡಿಗೆ, ಗಂಟೆಗೆ ಸಾವಿರ. ಮೇಲೆ ಆರಿದ್ರಾ ಮಳೆ ಕೈಕೊಟ್ಟಿತು. ಕಡ್ಡಿ ಕೊಳೆಯಲಿಲ್ಲ, ಗೆದ್ದಲು ಹತ್ತಿತು. ನಾಟಿ ಮಾಡಿದ ರಾಗಿ ತಿಂಗಳವರೆಗೂ ಹಳದಿಯಾಗೇ ನಿಂತಿತ್ತು, ಬಲಿತ ಕಡ್ಡಿ ಕೊಳೆಯೋಕೆ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡಿತ್ತು. ಎಕರೆಗೆ 6 ಕ್ವಿಂಟಲ್ ಬಂದಿರಬೇಕು. ಅತ್ತ ಹಸುಗೆ ಮೇವಿಲ್ಲದೆ ಹಸಿ ಜೋಳದ ಕಡ್ಡಿ, ರಾಗಿ ಹುಲ್ಲು ಅಂತ 15-16 ಸಾವಿರ ಕೊಟ್ಟು ತಂದೆವು. ಎರಡು ತಿಂಗಳ ಹಾಲಿನ ದುಡ್ಡು ಅಲ್ಲಿಗೇ ಸರಿಹೋಯಿತು. ಊರಲ್ಲಿ ಮಾತಾಡಿಕೊಂಡರು. ಇನ್ನು ಸಾಕು ಅಂತ ಮನೇಲೂ ಹೇಳಿದರು.

ನಾನು ಬಿಡಲಿಲ್ಲ. ಮುಂದಿನ ಮೇನಲ್ಲಿ ಹೊಲವನ್ನು ಪಟ್ಟೆ ಪಟ್ಟೆ ಮಾಡಿದೆ. ರೋಟವೇಟರ್ ಎರಡು ಸಲ ಓಡಿದರೆ ಮುಗಿಯುವಷ್ಟು ಅಗಲ, ಸುಮಾರು 12 ಅಡಿ. ಒಂದು ಪಟ್ಟೆಗೆ ಸೆಣಬು. ಪಕ್ಕದ ಪಟ್ಟೆಗೆ ಅಲಸಂದೆ ಮತ್ತು ಸಜ್ಜೆ. ಸೆಣಬು ಮಣ್ಣಿಗೆ, ಅಲಸಂದೆ-ಸಜ್ಜೆ ಹಸುಗೆ. ಕೊಯ್ದ ಪಟ್ಟೆ ಬರಿದಾಗುತ್ತದಲ್ಲ, ಅದಕ್ಕೆ ಮನೆಯ ತಿಪ್ಪೆ ಗೊಬ್ಬರ ಅಷ್ಟೂ ಅಲ್ಲಿಗೇ ಹೊಡೆಸುತ್ತೇನೆ. ಇನ್ನೊಂದು ಪಟ್ಟೆಗೆ ಒಂದು ಮಂಕರಿಯೂ ಹಾಕಲ್ಲ. ಮುಂದಿನ ವರ್ಷ ಅದಲು ಬದಲು. ಮುಂಚೆ ಅದೇ ಗೊಬ್ಬರವನ್ನು ಇಡೀ ಹೊಲಕ್ಕೆ ಎರಚಿ ಎಲ್ಲೂ ಸಾಲುತ್ತಿರಲಿಲ್ಲ. ಈಗ ಅರ್ಧ ಹೊಲಕ್ಕೆ ಹೊಟ್ಟೆ ತುಂಬ ಸಿಗುತ್ತದೆ.

ಜೋಳ ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಎಳೆ ಜೋಳ, ಅದರಲ್ಲೂ ಮಳೆ ಇಲ್ಲದೆ ಬಾಡಿದ್ದು, ಹಸುಗೆ ವಿಷ. ಹೂ ಬರುವವರೆಗೆ ಕಾಯಬೇಕು, ಅಷ್ಟು ಸಮಯ ನಮಗಿಲ್ಲ. ಸಜ್ಜೆಯಲ್ಲಿ ಆ ಭಯವಿಲ್ಲ, 45-50 ದಿನಕ್ಕೆ ಧೈರ್ಯವಾಗಿ ಕೊಯ್ಯಬಹುದು. ಆಫ್ರಿಕನ್ ಟಾಲ್ ಅನ್ನೋ ಮೇವಿನ ಮೆಕ್ಕೆಜೋಳವನ್ನೂ ಒಂದು ಪಟ್ಟೆಗೆ ಹಾಕಿ ನೋಡಿದೆ. 2018ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಸೈನಿಕ ಹುಳು ಸುಳಿಯನ್ನೇ ತಿಂದು ಹಾಕಿತು. ಅದನ್ನು ಅಲ್ಲಿಗೇ ಬಿಟ್ಟೆ. ಅಲಸಂದೆ ಮಾತ್ರ ಒಂದೇ ಕೊಟ್ಟರೆ ಹೊಟ್ಟೆ ಉಬ್ಬುತ್ತದೆ, ಸಜ್ಜೆ ಜೊತೆ ಕತ್ತರಿಸಿ ಒಣ ಹುಲ್ಲು ಬೆರೆಸಿಯೇ ಹಾಕಬೇಕು. ಸಜ್ಜೆ-ಅಲಸಂದೆ ಎಷ್ಟಕ್ಕೆಷ್ಟು ಅನ್ನೋದನ್ನು ಬರೆಯಲ್ಲ. ನಿಮ್ಮ ಹೊಲಕ್ಕೆ ನೀವೇ ಹದ ಹಿಡಿಯಿರಿ.

ಅಲಸಂದೆ ಬೀಜಕ್ಕೆ ರೈಜೋಬಿಯಂ (ಬೇರಿನ ಗಂಟಲ್ಲಿ ಸಾರಜನಕ ಹಿಡಿಯೋ ಜೀವಾಣು) ಬೆಲ್ಲದ ಪಾಕದಲ್ಲಿ ಕಲಸಿ ನೆರಳಲ್ಲಿ ಆರಿಸುತ್ತೇವೆ, ಗೊತ್ತಿರೋದೇ. ನಾನು ಅದಕ್ಕೆ ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. ತಿಂಗಳಾದ ಮೇಲೆ ಒಂದು ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎತ್ತಿ ಬೇರು ನೋಡಿ. ರಾಗಿ ಕಾಳಿಗಿಂತ ದಪ್ಪ ಗಂಟುಗಳು ಇರುತ್ತವೆ. ಒಂದನ್ನು ಉಗುರಲ್ಲಿ ಸೀಳಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ. ಬೆಳ್ಳಗೆ, ಹಸಿರಾಗಿ ಕಂಡರೆ ಗಂಟಿದ್ದೂ ಪ್ರಯೋಜನವಿಲ್ಲ. ಮೊದಲ ಸಲ ನನಗೆ ಬಹುಪಾಲು ಬೆಳ್ಳಗೇ ಸಿಕ್ಕಿದವು. ಈಗ ಸೀಳಿದರೆ ಉಗುರಿಗೆ ಬಣ್ಣ ಹತ್ತುತ್ತದೆ.

ಸೆಣಬು ಮಣ್ಣಿಗೆ ಸೇರಿಸೋ ಹದ ತಪ್ಪಿದರೆ ಎಲ್ಲ ತಪ್ಪಿತು. ಅಲ್ಲೊಂದು ಇಲ್ಲೊಂದು ಹಳದಿ ಹೂ ಕಂಡಾಗಲೇ ಹೊಡೆಸಬೇಕು. ಕಾಂಡ ಕೈಯಲ್ಲಿ ಬಗ್ಗಿಸಿದರೆ ಲಟಕ್ಕಂತ ಮುರಿಯಬೇಕು. ನಾರು ಎಳೆದುಕೊಂಡು ಬಂದರೆ ತಡವಾಯಿತು. ಮೊದಲು ಹಲಗೆ ಎಳೆಸಿ ಗಿಡ ಮಲಗಿಸುತ್ತೇನೆ, ಮಲಗಿದ ದಿಕ್ಕಿಗೇ ರೋಟವೇಟರ್ ನಿಧಾನವಾಗಿ. ಬ್ಲೇಡಿಗೆ ಸುತ್ತಿಕೊಳ್ಳುವುದು ಆವತ್ತಿಂದ ನಿಂತಿತು. ನೆಲದಲ್ಲಿ ಹಸಿ ಇಲ್ಲದಿದ್ದರೆ ಮಣ್ಣಿಗೆ ಸೇರಿಸಲೇಬೇಡಿ, ಕೊಯ್ದು ಮೇಲೆ ಹರಡಿ ಬಿಡಿ. ಮಳೆ ಬಂದಾಗ ತಾನೇ ಕೊಳೆಯುತ್ತದೆ.

ಜುಲೈ ಮೊದಲ ವಾರ ಜಿಪಿಯು-28 ತಳಿಯ ರಾಗಿ ಒಟ್ಲು, ತಿಂಗಳ ಕೊನೆಗೆ ಪುಷ್ಯ ಮಳೆಯಲ್ಲಿ ನಾಟಿ. ನಾಟಿ ಕೂಲಿ ದುಬಾರಿ, ಎಕರೆಗೆ 4 ಸಾವಿರ ಮೇಲೇ ಬೀಳುತ್ತದೆ. ಆದರೆ ತೆಂಡೆ (ಬುಡದ ಮರಿ ಕವಲು) ಒಡೆಯೋದು ನೋಡಿದರೆ ಕೊಟ್ಟಿದ್ದು ಬೇಜಾರಿಲ್ಲ. ಡಿಎಪಿ ಎರಡು ಮೂಟೆ ಹಾಕುತ್ತಿದ್ದ ಕಡೆ ಈಗ ಅರ್ಧ ಮೂಟೆ. ಯೂರಿಯಾ ಮುಟ್ಟಿ ಎರಡು ವರ್ಷ ಆಯಿತು. ಪಟ್ಟೆಯ ಗಡಿಗೆ ಒಂದೊಂದು ಸಾಲು ಅವರೆಯನ್ನು ಅಕ್ಕಡಿಯಾಗಿ, ಅಂದರೆ ಮಿಶ್ರ ಬೆಳೆಯಾಗಿ, ಹಾಕಿದ್ದೇನೆ. ರಾಗಿ ಕೊಯ್ದ ಮೇಲೂ ಅದು ನಿಂತಿರುತ್ತದೆ, ಮುಂದಿನ ವರ್ಷ ಯಾವ ಪಟ್ಟೆ ಎಲ್ಲಿ ಅಂತ ಗೊಂದಲ ಆಗಲ್ಲ. ಸೊಗಡಿನ ಕಾಯಿ ಮಾರಿದ ದುಡ್ಡಲ್ಲಿ ಮುಂದಿನ ಬೀಜದ ಖರ್ಚು ಹುಟ್ಟುತ್ತದೆ.

ಒಂದು ಮೂಲೆಗೆ ಕೆರೆ ಗೋಡೂ (ಹೂಳು ಮಣ್ಣು) ಹೊಡೆಸಿದ್ದೆ, ಲೋಡಿಗೆ 600ರಂತೆ ಹತ್ತಾರು ಲೋಡು. ಹಸಿ ಚೆನ್ನಾಗಿ ಹಿಡಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ತುಂಗೆ ಗಡ್ಡೆ ಕಳೆಯೂ ಬಂತು. ಇವತ್ತಿಗೂ ಆ ಮೂಲೆಗೆ ಕಳೆ ಕೂಲಿ ಎರಡರಷ್ಟು. ಬದುವಿಗೆ ಹಾಕಿದ ಸೀಮೆ ಹುಲ್ಲು ಪಕ್ಕದ ಮೂರು ಸಾಲು ರಾಗಿಯ ನೀರು ಕುಡಿಯಿತು. ಕಿತ್ತು ಗೊಬ್ಬರದ ಗಿಡ ಗ್ಲಿರಿಸಿಡಿಯಾ ನೆಟ್ಟೆ, ಅದರ ಸೊಪ್ಪೂ ಈಗ ಮಣ್ಣಿಗೇ ಹೋಗುತ್ತಿದೆ.

ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಕೊಟ್ಟು ನೋಡಿದೆ. ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕಡಿಮೆ ಇದ್ದರೆ ಬಡ ಮಣ್ಣು ಅನ್ನುತ್ತಾರೆ. ನಮ್ಮದು ಮೊದಲು 0.3ರ ಹತ್ತಿರ ಇತ್ತು, ಈಗ 0.5ರ ಅಂಚಿಗೆ ಬಂದಿದೆ. ಕ್ವಿಂಟಲ್ ರಾಗಿಯ ಬೆಂಬಲ ಬೆಲೆ 2024-25ಕ್ಕೆ 4,290 ರೂಪಾಯಿ ಇದ್ದದ್ದು 2025-26ಕ್ಕೆ 4,886 ಆಯಿತು. ಆ ಲೆಕ್ಕಕ್ಕೆ ಹೆಚ್ಚಿಗೆ ಬಂದ 6 ಕ್ವಿಂಟಲ್ಲೇ ಎಕರೆಗೆ 29 ಸಾವಿರ ಆಗುತ್ತದೆ. ಬೀಜ, ಟ್ರ್ಯಾಕ್ಟರ್ ಎಲ್ಲ ಕಳೆದರೂ 20 ಸಾವಿರ ಉಳಿಯಿತು. ಜೂನ್‌ನಲ್ಲಿ ಹೊರಗಿಂದ ತರುತ್ತಿದ್ದ ಮೇವು ನಿಂತದ್ದು ಬೇರೆ.

ಸೆಣಬಿನ ಬೀಜಕ್ಕೆ ಇನ್ನು ಅಂಗಡಿಗೆ ಹೋಗಲ್ಲ. ಒಂದು ಸಲ ಕೊಂಡ ಬೀಜ ಅರ್ಧವೂ ಹುಟ್ಟಲಿಲ್ಲ. ಬದುವಿನ ಪಕ್ಕ ಒಂದು ಪಟ್ಟೆ ಬೀಜಕ್ಕೇ ಬಿಟ್ಟಿದ್ದೇನೆ. ಕಂಬಳಿ ಹುಳು ಬೀಳುತ್ತದೆ, ಬೆಳಗ್ಗೆ ಬೆಳಗ್ಗೆ ಆರಿಸಿ ತೆಗೆಯುತ್ತಿದ್ದೇವೆ. ಈ ಸಲ ಆ ಪಟ್ಟೆ ಕಾಯುತ್ತಿರುವುದು ಮಾವನವರೇ.