ಕೀಲು ಕೂತರೂ ಕೈ ಏಳದಿದ್ದರೆ

ಮದ್ದು ಬಿಡಲು ಹತ್ತಿದವರು ಪಾಚಿ ಹಿಡಿದ ಅಡಿಕೆ ಮರದಿಂದ ಜಾರುವುದು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೊಸತಲ್ಲ. ಕೈಯೂರಿ ಬಿದ್ದರೆ ಭುಜದ ಕೀಲು ಹೆಚ್ಚಾಗಿ ಮುಂದಕ್ಕೆ ತಪ್ಪುತ್ತದೆ. ತೋಳೆಲುಬಿನ ಕುತ್ತಿಗೆಗೆ ಹಿಂದಿನಿಂದ ಸುತ್ತಿ ಬಂದು, ಕೈ ಎತ್ತುವ ಭುಜದ ಸ್ನಾಯುವನ್ನು ಆಡಿಸುವ ಆಕ್ಸಿಲರಿ ನರ ಆಗ ಜಗ್ಗಿಹೋಗಬಹುದು.

ಬಿದ್ದ ಜಾಗದಲ್ಲೇ ಕೈ ಎಳೆದು ಕೂರಿಸಲು ಹೋಗಬೇಡಿ. ಎಲುಬು ಮುರಿದಿದ್ದರೆ ಅದರ ಚೂಪು ತುದಿಯೇ ನರವನ್ನು ಹರಿದೀತು. ಕೈ ಹೇಗಿದೆಯೋ ಹಾಗೆಯೇ ಬೈರಾಸಿನಲ್ಲಿ ಕೊರಳಿಗೆ ಕಟ್ಟಿ ಎಕ್ಸ್‌ರೇ ಇರುವಲ್ಲಿಗೆ ಕರೆದೊಯ್ಯಿರಿ. ತಿನ್ನಲು, ಕುಡಿಯಲು ಏನೂ ಬೇಡ, ಮಂಪರು ಕೊಡಬೇಕಾಗಬಹುದು. ಅಂಗೈ ತಣ್ಣಗಾಗಿ ಬಿಳಿಚಿದ್ದರೆ ರಕ್ತನಾಳಕ್ಕೂ ಪೆಟ್ಟಾಗಿರಬಹುದು, ಒಂದು ನಿಮಿಷವೂ ತಡ ಮಾಡಬಾರದು.

ನರದ ಪರೀಕ್ಷೆ ಕೀಲು ಕೂರಿಸುವ ಮೊದಲೊಮ್ಮೆ, ಆಮೇಲೊಮ್ಮೆ ಆಗಬೇಕು. ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಪೊಲೀಸರ ಅಂಗಿಯ ತೋಳಿನಲ್ಲಿ ಬ್ಯಾಡ್ಜ್ ಇರುತ್ತದಲ್ಲ, ಆ ಜಾಗಕ್ಕೆ ಹತ್ತಿ ತಾಗಿಸಿ ಎರಡೂ ಬದಿ ಹೋಲಿಸಿ. ಜೋಮು ಇಲ್ಲವೆಂದು ನಿಶ್ಚಿಂತರಾಗಬೇಡಿ: ಚರ್ಮಕ್ಕೆ ಸ್ಪರ್ಶವಿದ್ದೂ ಸ್ನಾಯು ಸತ್ತಂತಿರಬಹುದು. ಕೀಲು ಕೂತ ಮೇಲೆ, ವೈದ್ಯರು ಒಪ್ಪಿದರೆ, ಮೊಣಕೈ ಮಡಚಿ ಪಕ್ಕೆಗೆ ಆನಿಸಿ ಅದನ್ನು ಹೊರಗೆ ಗೋಡೆಗೆ ಮೆಲ್ಲಗೆ ಒತ್ತಿ. ಇನ್ನೊಂದು ಕೈಯನ್ನು ಭುಜದ ಗುಂಡು ಮಾಂಸದ ಮೇಲಿಡಿ. ಅದು ಗಟ್ಟಿಯಾದರೆ ನರಕ್ಕೆ ಜೀವವಿದೆ. ಹಿಟ್ಟಿನ ಮುದ್ದೆಯಂತೆ ಮೆತ್ತಗೇ ಉಳಿದರೆ ತಿಳಿಸಿ. ಕೈಯ ಬೇರೆ ನರಗಳು ಸರಿಯಿವೆಯೇ ಎಂದು ತಿಳಿಯಲು ಮಣಿಕಟ್ಟು ಮೇಲೇಳುತ್ತದೆಯೇ, ಬೆರಳು ಅಗಲುತ್ತವೆಯೇ ಎಂದೂ ನೋಡಿ. 40 ದಾಟಿದವರಲ್ಲಿ ಕೈ ಏಳದಿರಲು ಭುಜದ ಒಳಸ್ನಾಯುರಜ್ಜು ಹರಿದಿರುವುದೂ ಕಾರಣವಾಗಬಹುದು, ಅದಕ್ಕೆ ಸ್ಕ್ಯಾನ್ ಬೇಕು.

ಜಗ್ಗಿದ ನರಗಳಲ್ಲಿ ಹೆಚ್ಚಿನವು ತಾವಾಗಿಯೇ ಚೇತರಿಸುತ್ತವೆ. ಒಳಗಿನ ಎಳೆ ಕಡಿದಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೇ. ಸ್ನಾಯುವಿಗೆ ಸೂಜಿಯಿಟ್ಟು ನರದ ಸಂಕೇತ ಮುಟ್ಟುತ್ತಿದೆಯೇ ಎಂದು ನೋಡುವ ಇಎಂಜಿ ಪರೀಕ್ಷೆಯನ್ನು ಮೂರು ವಾರ ಕಳೆದು ಮಾಡಿಸಿ. ಮೊದಲೇ ಮಾಡಿಸಿದರೆ ದೋಷ ಕಾಣಿಸದೆ ದುಡ್ಡು ದಂಡ. ಈ ನಡುವೆ ವೈದ್ಯರು ಹೇಳಿದ ದಿನದಿಂದ ಇನ್ನೊಂದು ಕೈಯ ಆಸರೆಯಲ್ಲಿ ಭುಜ ಆಡಿಸುತ್ತಿರಬೇಕು, ಇಲ್ಲವಾದರೆ ನರ ಬಂದರೂ ಕೀಲು ಬಿಗಿದಿರುತ್ತದೆ. ಜೋಮು ಹಿಡಿದಲ್ಲಿ ಬಿಸಿ ಎಣ್ಣೆ, ಬಿಸಿನೀರ ಚೀಲ ಇಡಬಾರದು. ಸುಟ್ಟದ್ದು ಬೊಬ್ಬೆ ಎದ್ದ ಮೇಲಷ್ಟೇ ಗೊತ್ತಾಗುತ್ತದೆ.

ಮೂರು ತಿಂಗಳಾದರೂ ಸ್ನಾಯು ಮಿಡುಕದಿದ್ದರೆ ನರದ ಶಸ್ತ್ರಚಿಕಿತ್ಸಕರನ್ನು ಕಾಣಿ. ನರ ಜೋಡಿಸುವುದಿದ್ದರೆ ಸುಮಾರು ಆರು ತಿಂಗಳೊಳಗೆ ಒಳ್ಳೆಯದು. ವರ್ಷ ದಾಟಿದರೆ ನರ ಬೆಳೆದು ತಲುಪುವಷ್ಟರಲ್ಲಿ ಸ್ನಾಯು ಕರಗಿರುತ್ತದೆ. ಕೊಯ್ಲು ಮುಗಿಯಲಿ ಎಂದು ಕಾಯುವವರಿದ್ದಾರೆ. ಜುಲೈಯಲ್ಲಿ ಬಿದ್ದವರ ಆರು ತಿಂಗಳು ಕೊಯ್ಲಿನ ನಡುವೆಯೇ ಮುಗಿದುಹೋಗುತ್ತದೆ.