ಸಣ್ಣ ಲೇತ್‌ಗೆ 100 ಮಿ.ಮೀ. ಚಕ್ ಹಾಕಿಕೊಂಡ ನನ್ನ ಅನುಭವ

ನನ್ನದು ಮನೆಯ ಶೆಡ್ಡಿನಲ್ಲಿಟ್ಟಿರುವ ಸಣ್ಣ ಲೇತ್, ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರ. ಬೆಡ್ ಮೇಲೆ 180 ಮಿ.ಮೀ. ಸ್ವಿಂಗ್ (ತಿರುಗಿಸಬಹುದಾದ ಅತಿ ಹೆಚ್ಚಿನ ವ್ಯಾಸ), ಚಕ್ಕನ್ನು ತಿರುಗಿಸುವ ಟೊಳ್ಳು ದಂಡ, ಅಂದರೆ ಸ್ಪಿಂಡಲ್, ಅದರ ತೂತು 20 ಮಿ.ಮೀ. ಜೊತೆಗೆ ಬಂದದ್ದು 80 ಮಿ.ಮೀ. ವ್ಯಾಸದ ಮೂರು ಜಾ ಚಕ್, ಅಂದರೆ ಮೂರು ದವಡೆಗಳಿಂದ (ಜಾ) ಕೆಲಸದ ತುಂಡನ್ನು ಹಿಡಿಯುವ ಭಾಗ. ಬುಷ್, ಸ್ಪೇಸರ್, ಪಿನ್ನು, ನನಗೆ ಬರುವ ಕೆಲಸ ಹೆಚ್ಚಾಗಿ ಇಂಥದ್ದೇ. ಇಂಥ ಲೇತ್ ಕೊಂಡವರೆಲ್ಲ ಕೇಳುವುದು ಒಂದೇ: ಇದಕ್ಕಿಂತ ದೊಡ್ಡ ಚಕ್ ಕೂರುತ್ತಾ? ಕೂರುತ್ತದೆ. ಎಷ್ಟು ದೊಡ್ಡದು ಎಂಬಲ್ಲಿ ಮಾತ್ರ ಲೆಕ್ಕ ಹಾಕಬೇಕು.

ನಾನು ಮೊದಲು ನೋಡಿದ್ದು ಚಕ್ಕಿನ ನಡುವಿನ ತೂತು. 80ರಲ್ಲಿ ಅದು 16 ಮಿ.ಮೀ. ಸ್ಪಿಂಡಲ್ 20 ಇದ್ದರೂ ಚಕ್ ದಾರಿ ಕಟ್ಟುತ್ತದೆ. ಮುಕ್ಕಾಲು ಇಂಚಿನ ರಾಡನ್ನು ಹಿಂದಿನಿಂದ ತೂರಿಸಿ ಒಂದಾದ ಮೇಲೊಂದು ಬುಷ್ ಕತ್ತರಿಸೋಣವೆಂದರೆ ಆಗದು. ತುಂಡು ತುಂಡಾಗಿ ಗರಗಸದಲ್ಲಿ ಕೊಯ್ದು ಬೇರೆ ಬೇರೆ ಹಿಡಿಯಬೇಕು. 100ರ ಚಕ್ಕಿನ ತೂತು 22. ಸ್ಪಿಂಡಲ್‌ನಲ್ಲಿ ಹಾಯುವುದೆಲ್ಲ ಅದರಲ್ಲೂ ಹಾಯುತ್ತದೆ. ನನಗೆ ಇಷ್ಟೇ ಸಾಕಿತ್ತು.

ಅಂಗಡಿಯವರು 125ನ್ನೂ ಮುಂದಿಟ್ಟರು. ನನ್ನ ಯಂತ್ರದಲ್ಲಿ ಟೂಲ್ ಹೊತ್ತು ಅಡ್ಡಕ್ಕೆ ಸರಿಯುವ ಕ್ರಾಸ್ ಸ್ಲೈಡ್ ಮೇಲಿನ ಸ್ವಿಂಗ್ ಸುಮಾರು 110. ಆ ಚಕ್ಕಿನ ಕೆಳಗೆ ಸ್ಲೈಡ್ ನುಸುಳದು, ಟೂಲನ್ನು ಉದ್ದಕ್ಕೆ ಚಾಚಿ ಕಟ್ಟಬೇಕು, ಚಾಚಿದಷ್ಟೂ ಅದು ನಡುಗುತ್ತದೆ. ಸಾಲದ್ದಕ್ಕೆ ಜಡತ್ವ. ದಪ್ಪ ಒಂದೇ ಎಂದುಕೊಂಡರೂ ಅದು ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ: 80ರ ಚಕ್ಕಿಗೆ ಹೋಲಿಸಿದರೆ 100ರದ್ದು ಸುಮಾರು ಎರಡೂವರೆ ಪಟ್ಟು, 125ರದ್ದು ಹತ್ತಿರ ಹತ್ತಿರ ಆರು ಪಟ್ಟು. ಸಣ್ಣ ಮೋಟಾರಿಗೆ ಆ ಹೊರೆ ಬೇಡವೆನಿಸಿತು.

100ರ ಚಕ್ ನೇರವಾಗಿ ನನ್ನ ಸ್ಪಿಂಡಲ್ ತುದಿಯ ಫ್ಲಾಂಜಿಗೆ ಕೂರುವುದಿಲ್ಲ. ಚಕ್ಕನ್ನು ಸೆಂಟರಿಗೆ ಕೂರಿಸುವ ದುಂಡು ಮೆಟ್ಟಿಲು, ಅಂದರೆ ರಿಜಿಸ್ಟರ್, 80ರದ್ದು 55 ಮಿ.ಮೀ., ಇದರದ್ದು 72. ನಡುವೆ ಎರಕದ ಬ್ಯಾಕ್ ಪ್ಲೇಟ್ ಬೇಕು. ಪ್ಲೇಟನ್ನು ಸ್ಪಿಂಡಲ್‌ಗೆ ಕಟ್ಟಿ, ಅಲ್ಲೇ ಫೇಸ್ ಮಾಡಿ (ಮುಖವನ್ನು ಸಪಾಟಾಗಿ ಕಡೆದು), ಬಿಚ್ಚದೆ ಅಲ್ಲೇ ರಿಜಿಸ್ಟರ್ ಟರ್ನ್ ಮಾಡಿದೆ. ಬೇರೆ ಲೇತ್‌ನಲ್ಲಿ ಮಾಡಿಸಿ ತಂದರೆ ನಿಮ್ಮ ಸ್ಪಿಂಡಲ್‌ನ ಸೆಂಟರಿಗೆ ಅದು ಒಪ್ಪುತ್ತದೆಂಬ ಖಾತ್ರಿಯಿಲ್ಲ. 72 ಹತ್ತಿರವಾದ ಮೇಲೆ ಕೂದಲೆಳೆಯಷ್ಟೇ ತೆಗೆದು, ಪ್ರತಿ ಸಲ ಚಕ್ ಹಿಡಿದು ನೋಡಿದೆ. ಅಂಚಿಗೆ ಮೊದಲೇ ಸಣ್ಣ ಚೇಂಫರ್ (ಓರೆ) ಕೊಟ್ಟಿದ್ದರಿಂದ ಅದು ವಾಲದೆ ನೆಟ್ಟಗೆ ಇಳಿಯಿತು. ರಿಜಿಸ್ಟರಿನ ಎತ್ತರ ಚಕ್ಕಿನ ಹಿಂಬದಿಯ ಗುಳಿಯ ಆಳಕ್ಕಿಂತ ತುಸು ಕಡಿಮೆಯೇ ಇರಲಿ. ಚಕ್ಕಿನ ಬೆನ್ನು ಸುತ್ತಲೂ ಪ್ಲೇಟಿಗೆ ತಾಗಿ ಕೂರಬೇಕು. ಬೋಲ್ಟ್ ಬಿಗಿದ ಮೇಲೆ ಎರಡಕ್ಕೂ ಪಂಚ್ ಗುರುತು ಹಾಕಿಟ್ಟರೆ, ಬಿಚ್ಚಿದಾಗಲೂ ಅದೇ ಜಾಗಕ್ಕೆ ಕೂರಿಸಬಹುದು.

ದೊಡ್ಡ ಜಾಬ್ ಹಿಡಿಯುವಾಗ ಜಾ ಚಕ್ಕಿನ ಮೈಯಿಂದಾಚೆ ಚಾಚಿಕೊಳ್ಳುತ್ತದೆ. ಜಾಗಳನ್ನು ಸರಿಸುವ ಒಳಗಿನ ಸುರುಳಿ ತಟ್ಟೆಗೆ (ಸ್ಕ್ರೋಲ್) ಅದರ ಒಂದೇ ಹಲ್ಲು ಕಚ್ಚಿದ್ದರೆ ನಾನು ಲೇತ್ ಓಡಿಸುವುದಿಲ್ಲ, ದೊಡ್ಡ ಜಾಬಿಗೆಂದೇ ಇರುವ ಹೊರಜಾ ಹಾಕಿಕೊಳ್ಳುತ್ತೇನೆ. ಸ್ವಿಚ್ ಒತ್ತುವ ಮುಂಚೆ, ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಕ್ಯಾರೇಜನ್ನು ಚಕ್ಕಿನ ಹತ್ತಿರ ತಂದು, ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ನೋಡುವುದನ್ನು ತಪ್ಪಿಸುವುದಿಲ್ಲ.

80ರ ಚಕ್ ಈಗಲೂ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಸಣ್ಣ ಪಿನ್ನುಗಳನ್ನು 2000 ಆರ್‌ಪಿಎಂ ದಾಟಿಸಿ ಓಡಿಸುವಾಗ ಅದೇ ಹಗುರ, ಅದೇ ಅನುಕೂಲ.