ಮಲೆನಾಡಿನ ಮಳೆಯಲ್ಲಿ ಒಂದು ಪೆಂಟಾಕ್ಸ್ ಕೆ1000

ಹಳೆ ರೀಲ್ ಕ್ಯಾಮೆರಾ ಮಾರುವವರು ಬಹಳ ಹೆಮ್ಮೆಯಿಂದ ಹೇಳುವ ಮಾತೊಂದಿದೆ: "ತಗೊಂಡಾಗಿಂದ ಬೀರುವಿನಲ್ಲೇ ಇತ್ತು ಸಾರ್, ಯಾರೂ ಕೈ ಹಾಕಿಲ್ಲ." ಈ ಮಾತು ಕೇಳಿದರೆ ನಾನು ಅರ್ಧ ಆಸೆ ಬಿಟ್ಟ ಹಾಗೆಯೇ. ನಮ್ಮ ಸಾಗರದ ಕಡೆ ಚರ್ಮದ ಕೇಸಿನೊಳಗೆ ಕೂತು ಇಪ್ಪತ್ತು ಮಳೆಗಾಲ ಕಳೆದ ಕ್ಯಾಮೆರಾದ ಲೆನ್ಸಿಗೆ ಫಂಗಸ್ ಹಿಡಿಯದೆ ಇರುವುದು ಅಪರೂಪ. ಅದರ ಜೊತೆಗೆ ಗೇರುಗಳ ಗ್ರೀಸ್ ಒಣಗಿರುತ್ತದೆ, ಹಿಂಬಾಗಿಲ ಸಂದಿಯ ಫೋಮ್ ಕರಗಿ ಅಂಟಾಗಿರುತ್ತದೆ. ಅದಕ್ಕಿಂತ ಮದುವೆಮನೆಗಳಲ್ಲಿ ದುಡಿದು, ಮೂಲೆ ತಗ್ಗಾಗಿ, ಮೈಯೆಲ್ಲ ಗೀಚಿಕೊಂಡಿರುವ ಸ್ಟುಡಿಯೊ ಕ್ಯಾಮೆರಾ ಎಷ್ಟೋ ವಾಸಿ. ದಿನಾ ಶಟರ್ ಓಡಿದ್ದರಿಂದಲೇ ಅದು ಬದುಕಿದೆ.

ನನ್ನದು ಅಂಥದ್ದೇ, ಪೆಂಟಾಕ್ಸ್ ಕೆ1000. ನಮ್ಮ ಪೇಟೆಯಲ್ಲಿ ಸ್ಟುಡಿಯೊ ಇಟ್ಟಿದ್ದವರೊಬ್ಬರು ಡಿಜಿಟಲ್‌ಗೆ ಹೋದ ಮೇಲೂ ಅಭ್ಯಾಸಬಲದಿಂದ ಆಗಾಗ ತೆಗೆದು ಕ್ಲಿಕ್ ಮಾಡಿ ಇಡುತ್ತಿದ್ದರು. ಕೊಡುವಾಗ "ಇದಕ್ಕೇನೂ ಆಗಲ್ಲ ಮಾರಾಯ್ರೆ, ಮಂಟಪದಿಂದ ಎಷ್ಟು ಸಲ ಬಿದ್ದಿದೆ ಗೊತ್ತಾ?" ಅಂದರು. ಅದನ್ನು ಶಿಫಾರಸು ಅಂದುಕೊಂಡೇ ತೆಗೆದುಕೊಂಡೆ.

1976ರಲ್ಲಿ ಬಂದ ಈ ಮಾಡೆಲ್ 1997ರವರೆಗೂ ತಯಾರಾಗುತ್ತಿತ್ತು. ಮೊದಲು ಜಪಾನಿನಲ್ಲಿ, ಆಮೇಲೆ ಹಾಂಗ್‌ಕಾಂಗಿನಲ್ಲಿ, ಕೊನೆಗೆ ಚೀನಾದಲ್ಲಿ. ಹಳೆಯವುಗಳ ಹಣೆಯ ಮೇಲೆ ತಯಾರಿಸಿದ ಕಂಪನಿಯ ಹೆಸರು 'ಅಸಾಹಿ' ಎಂದು ಕೊರೆದಿರುತ್ತದೆ. ಆನ್‌ಲೈನ್ ಮಾರಾಟದಲ್ಲಿ ಆ ಹೆಸರಿಗೇ ಸಾವಿರಗಟ್ಟಲೆ ಹೆಚ್ಚು ಕೇಳುತ್ತಾರೆ. ಚೀನಾದವಕ್ಕೆ ಮೇಲಿನ ಮುಚ್ಚಳ ಪ್ಲಾಸ್ಟಿಕ್‌ನದು ಅನ್ನುವುದು ನಿಜವೇ. ಆದರೂ ನಾನು ನೋಡುವುದು ಹೆಸರನ್ನಲ್ಲ, ಶಟರನ್ನು. 1 ಸೆಕೆಂಡಿನಿಂದ 1/1000ರವರೆಗೆ ಎಲ್ಲವೂ ಸ್ಪ್ರಿಂಗು, ಗೇರಿನ ಮೇಲೆ ನಡೆಯುತ್ತದೆ. ಬ್ಯಾಟರಿ ಬೇಕಾದದ್ದು ಲೈಟ್ ಮೀಟರಿಗೆ ಮಾತ್ರ, ಅದೂ ವಾಚ್ ಅಂಗಡಿಯಲ್ಲಿ ಸಿಗುವ ಒಂದು ಎಲ್‌ಆರ್44. ಟೈಮರ್ ಇಲ್ಲ, ಆಟೋ ಅನ್ನುವುದು ಯಾವುದೂ ಇಲ್ಲ. ಕೆಡುವಂಥದ್ದು ಕಡಿಮೆ ಇರುವುದೇ ಇದರ ದೊಡ್ಡ ಗುಣ. ಎಲೆಕ್ಟ್ರಾನಿಕ್ ಶಟರಿನ ಹಳೆ ಕ್ಯಾಮೆರಾಗಳು ನೋಡಲು ಇದಕ್ಕಿಂತ ಚೆಂದ. ಆದರೆ ಒಳಗಿನ ಸರ್ಕ್ಯೂಟ್ ಸತ್ತರೆ ಬೇರೊಂದು ಸತ್ತ ಕ್ಯಾಮೆರಾದಿಂದ ಭಾಗ ಕಿತ್ತು ಹಾಕಬೇಕಾಗುತ್ತದೆ. ಮಲೆನಾಡಿನಲ್ಲಿ ಆ ಗೊಡವೆ ಬೇಡ ಅಂತ ನನ್ನ ಅಭಿಪ್ರಾಯ.

ಕೊಳ್ಳುವ ಮುಂಚೆ ಅಂಗಡಿಯ ಬಾಗಿಲಲ್ಲೇ ನಿಂತು ನೋಡಿದ್ದು ಇಷ್ಟು. ಲೆನ್ಸ್ ಬಿಚ್ಚಿ, ಹಿಂಬಾಗಿಲು ತೆಗೆದು, ಬಿಳಿ ಗೋಡೆಯ ಕಡೆ ಹಿಡಿದು 1/1000ರಲ್ಲಿ ಕ್ಲಿಕ್ ಮಾಡಿದೆ. ಶಟರ್ ಎಂದರೆ ಅಡ್ಡಡ್ಡ ಓಡುವ ಎರಡು ಬಟ್ಟೆಯ ಪರದೆಗಳು. ಆ ವೇಗದಲ್ಲಿ ಅವುಗಳ ನಡುವಿನ ಸಣ್ಣ ಸೀಳೊಂದು ಫಿಲ್ಮಿನ ಉದ್ದಕ್ಕೂ ಹಾದುಹೋಗುತ್ತದೆ. ಬೆಳಕು ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಸಮನಾಗಿ ಕಂಡರೆ ಸರಿ. ಒಂದು ಬದಿ ಕಪ್ಪಾಗಿ ಕಂಡರೆ ಹಿಂದಿನ ಪರದೆ ಮುಂದಿನದನ್ನು ಹಿಡಿದುಬಿಡುತ್ತಿದೆ, ಫೋಟೊದ ಒಂದು ಭಾಗ ಕತ್ತಲಾಗಿಯೇ ಬರುತ್ತದೆ. ಆಮೇಲೆ 1 ಸೆಕೆಂಡಿಗಿಟ್ಟು, ಒಳಗಿನ ಗೇರು ಝರ್ರೆಂದು ಒಂದೇ ಸಮ ಓಡಿ ನಿಲ್ಲುತ್ತದೆಯೇ ಎಂದು ಕಿವಿಗೊಟ್ಟೆ. ನಡುವೆ ತೊದಲಿದರೆ ಗ್ರೀಸ್ ಗಟ್ಟಿಯಾಗಿದೆ ಎಂದರ್ಥ. ಈಗ ಮೊಬೈಲಿನಲ್ಲಿ ಆ ಶಬ್ದ ರೆಕಾರ್ಡ್ ಮಾಡಿ ಅದು ಎಷ್ಟು ಹೊತ್ತು ಇತ್ತೆಂದು ಅಳೆದರೆ ನಿಧಾನದ ವೇಗಗಳ ಲೆಕ್ಕ ಮನೆಯಲ್ಲೇ ಸಿಗುತ್ತದೆ.

ಲೆನ್ಸ್ ನೋಡುವುದು ಹೀಗೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ರಿಂಗನ್ನು ಅದು ಪೂರ್ತಿ ತೆರೆಯುವ ಎಫ್/2ಕ್ಕೆ ತಿರುಗಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಬೇಕು. ನೇರ ನೋಡಿದರೆ ಏನೂ ಕಾಣುವುದಿಲ್ಲ. ಓರೆ ಹಿಡಿದಾಗ ಗಾಜಿನ ಅಂಚಿನಿಂದ ಒಳಕ್ಕೆ ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಹೊಳೆದರೆ ಅದೇ ಫಂಗಸ್. ಧೂಳಿನ ಕಣ ನಾಲ್ಕಿದ್ದರೆ ಏನೂ ತೊಂದರೆಯಿಲ್ಲ. ಫಂಗಸ್ ಹಾಗಲ್ಲ, ಅದು ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನು ತಿನ್ನುತ್ತದೆ. ಹೊಸತಾಗಿದ್ದರೆ ಬಿಚ್ಚಿ ಒರೆಸಿ ತೆಗೆಯಬಹುದು, ಹಳತಾಗಿದ್ದರೆ ಒರೆಸಿದ ಮೇಲೂ ಗುರುತು ಉಳಿಯುತ್ತದೆ. ನನ್ನ 50 ಎಂ.ಎಂ. ಲೆನ್ಸಿನ ಹಿಂದಿನ ಗಾಜಿನಲ್ಲಿ ಒಂದೆರಡು ಎಳೆ ಇತ್ತು. ಬೆಂಗಳೂರಿನಲ್ಲಿ ಹಳೆ ಕ್ಯಾಮೆರಾ ರಿಪೇರಿ ಮಾಡುವವರೊಬ್ಬರು ಬಿಚ್ಚಿ ಒರೆಸಿಕೊಟ್ಟರು.

ಫೋಮ್ ಬದಲಿಸುವ ಕೆಲಸ ನಾನೇ ಮಾಡಿದೆ. ಹಿಂಬಾಗಿಲು ಕೂರುವ ಸಂದಿಯಲ್ಲಿ ಬೆಳಕು ನುಗ್ಗದಿರಲಿ ಎಂದು ಸ್ಪಂಜಿನ ಪಟ್ಟಿ ಹಾಕಿರುತ್ತಾರೆ. ಈ ವಯಸ್ಸಿಗೆ ಅದು ಟಾರಿನ ಹಾಗೆ ಆಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಊದಿನಕಡ್ಡಿಯ ಬಿದಿರಿನ ತುದಿಯಿಂದ ಕೆರೆದೆ. ಟೂತ್‌ಪಿಕ್ ಮೆತ್ತಗಾಗುತ್ತದೆ, ಸ್ಕ್ರೂಡ್ರೈವರ್ ಬಣ್ಣ ಕೀಳುತ್ತದೆ, ಊದಿನಕಡ್ಡಿಯೇ ಸರಿ. ಸಂದಿಯೊಳಕ್ಕೆ ಫ್ಯಾನ್ಸಿ ಸ್ಟೋರಿನ ಕಪ್ಪು ಉಲ್ಲನ್ ದಾರ ಒತ್ತಿ ಕೂರಿಸಿದೆ. ಕೀಲಿನ ಕಡೆಗೆ ಅಂಟಿರುವ ಕಪ್ಪು ವೆಲ್ವೆಟ್ ಪಟ್ಟಿ. ಕ್ಲಿಕ್ ಮಾಡಿದಾಗ ಒಳಗಿನ ಕನ್ನಡಿ ಮೇಲೆದ್ದು ಬಡಿಯುವ ಜಾಗದಲ್ಲೂ ಒಂದು ತುಂಡು ಫೋಮ್ ಇದೆ. ಅದನ್ನು ತೆಗೆಯುವಾಗ ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಅಂಟಿನ ಪುಡಿ ಫೋಕಸ್ ಪರದೆಯ ಮೇಲೆ ಬೀಳುತ್ತದೆ. ಕನ್ನಡಿಯನ್ನಂತೂ ಮುಟ್ಟಲೇಬಾರದು. ಮನೆಯ ಕನ್ನಡಿಗೆ ರಸ ಹಿಂದೆ ಇರುತ್ತದೆ, ಇದಕ್ಕೆ ಮುಂದೆಯೇ ಇದೆ, ಬಟ್ಟೆ ತಾಗಿದರೂ ಗೀರು ಬೀಳುತ್ತದೆ.

ಇನ್ನು ಇಡುವ ವಿಷಯ. ಚರ್ಮದ ಕೇಸನ್ನು ಮೊದಲು ಮನೆಯಿಂದಾಚೆ ಹಾಕಿದೆ, ಅದೇ ತೇವದ ಗೂಡು. ಮುಚ್ಚಳಕ್ಕೆ ರಬ್ಬರ್ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಅರ್ಧ ಕಿಲೊ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್, ಇಷ್ಟೇ ನನ್ನ ಡ್ರೈ ಬಾಕ್ಸ್. ಜುಲೈನಲ್ಲಿ ಹೊರಗೆ ತೇವಾಂಶ ಶೇಕಡ 90ರ ಮೇಲಿರುವಾಗ ಡಬ್ಬದೊಳಗೆ 45ರ ಆಸುಪಾಸು ನಿಲ್ಲುತ್ತದೆ. 50 ದಾಟಿದರೆ ಜೆಲ್ ಬಿಸಿ ಮಾಡಿ ಒಣಗಿಸುವ ಸಮಯ ಬಂತೆಂದು ಲೆಕ್ಕ. ಹಾಗೆಂದು 30ಕ್ಕಿಂತ ಕೆಳಗೆ ಇಳಿಸುವುದೂ ಒಳ್ಳೆಯದಲ್ಲ. ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದೇ ಕೇಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆಯದಾದರೂ ಹುರಿಯಲು ಬೇರೆ ಬಾಣಲೆ ಇರಲಿ. ಅಕ್ಕಿ ಹಾಕಿದರೆ ಸಾಕು ಅನ್ನುವವರಿದ್ದಾರೆ. ಅಕ್ಕಿಯ ಹಿಟ್ಟು ಲೆನ್ಸಿನ ರಿಂಗಿನೊಳಗೆ ಹೋಗುವುದನ್ನು ಬಿಟ್ಟರೆ ಅದರಿಂದ ಬೇರೇನೂ ಆಗುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯ, ರೋಲು ಇರಲಿ ಬಿಡಲಿ, ವಾರಕ್ಕೊಮ್ಮೆ ತೆಗೆದು ಎಲ್ಲ ವೇಗಗಳಲ್ಲೂ ಓಡಿಸಿ, ಲೆನ್ಸಿನ ರಿಂಗ್ ತಿರುಗಿಸಿ, ಸ್ವಲ್ಪ ಬಿಸಿಲು ತೋರಿಸಿ ಒಳಗಿಡುತ್ತೇನೆ. ಇಡುವಾಗ ಫಿಲ್ಮು ಮುಂದೂಡುವ ಲಿವರ್ ಎಳೆದು ಇಡುವುದಿಲ್ಲ, ಸ್ಪ್ರಿಂಗಿಗೆ ವಿಶ್ರಾಂತಿ ಬೇಕು. ಲೆನ್ಸ್ ಮುಚ್ಚಳ ಮರೆಯುವುದಿಲ್ಲ, ಏಕೆಂದರೆ ಕೆ1000ರ ಮೀಟರಿಗೆ ಸ್ವಿಚ್ಚೇ ಇಲ್ಲ. ಬೆಳಕು ಬಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಫೋಟೊ ತೆಗೆಯುವುದು ಕಷ್ಟವೇನಲ್ಲ. ಕಣ್ಣಿಟ್ಟು ನೋಡುವ ಕಿಂಡಿಯ ಬಲಬದಿಯಲ್ಲಿ ಒಂದು ಮುಳ್ಳು, ಅದು ಮಧ್ಯಕ್ಕೆ ಬಂದರೆ ಬೆಳಕು ಸರಿ. ಆದರೆ ಈ ಮೀಟರ್ ಇಡೀ ದೃಶ್ಯದ ಸರಾಸರಿ ಹಿಡಿಯುತ್ತದೆ, ಅಡಿಕೆ ತೋಟದಲ್ಲಿ ಅದನ್ನು ನಂಬಿದರೆ ಕೆಲಸ ಕೆಟ್ಟಿತು. ಮೇಲೆ ಸೋಗೆಗಳ ಸಂದಿಯಲ್ಲಿ ಬೆಳ್ಳಗಿನ ಆಕಾಶ, ಕೆಳಗೆ ಕತ್ತಲು. ಆಕಾಶ ಚೂರು ಸೇರಿದರೂ ಮುಳ್ಳು ಮೇಲೇರುತ್ತದೆ, ಅಡಿಕೆ ಕೊನೆ ಕೊಯ್ಯುವವರ ಮುಖ ಇದ್ದಿಲಾಗುತ್ತದೆ. ಅದಕ್ಕೇ ಮೊದಲು ಕ್ಯಾಮೆರಾವನ್ನು ನೆಲದ ಕಡೆ ಬಗ್ಗಿಸಿ, ಉದುರಿದ ಒಣ ಎಲೆಗಳ ದರಕಿನ ಮೇಲೆ ಮೀಟರ್ ನೋಡಿ, ಶಟರ್, ಅಪರ್ಚರ್ ಅಲ್ಲಿಗೇ ನಿಲ್ಲಿಸಿ, ಆಮೇಲೆ ಮೇಲೆತ್ತಿ ತೆಗೆಯುತ್ತೇನೆ. ನೆಗೆಟಿವ್ ಫಿಲ್ಮಿಗೆ ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚಾದರೂ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ಕ್ಷಮೆಯಿಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ಪಳಗಿದವರಿಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಕೊಡಕ್ ಗೋಲ್ಡ್ 200 ಹಾಕಿದಾಗ ನಾನು ಫಿಲ್ಮಿನ ವೇಗದ (ಐಎಸ್ಒ) ಡಯಲ್ಲನ್ನು 100ಕ್ಕೇ ಇಟ್ಟು, ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡುತ್ತೇನೆ.

ಕ್ಲಿಕ್ ಆದ ಮೇಲೆ ನಾನು ನೋಡುವುದು ಒಂದನ್ನೇ. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಹಿಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮು ಹಲ್ಲಿಗೆ ಕಚ್ಚಿಲ್ಲ, 36 ಫೋಟೊ ತೆಗೆದರೂ ರೋಲು ಖಾಲಿಯೇ.

ನಮ್ಮ ಸ್ಟುಡಿಯೊದವರು ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ರೋಲು ತೊಳೆದವರು. ಆ ಕಾರ್ಖಾನೆ ಮುಚ್ಚಿಹೋಯಿತು. ಈಗ ಕಪ್ಪು-ಬಿಳುಪಿಗೆ ನಾನು ನೆಚ್ಚಿಕೊಂಡಿರುವುದು ಇಂಗ್ಲೆಂಡಿನ ಇಲ್ಫೋರ್ಡ್ ಎಚ್‌ಪಿ5. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿಗೂ, ಮೋಡದ ಬೆಳಕಿಗೂ ಅದು ಹೇಳಿಮಾಡಿಸಿದ್ದು. ತರಿಸಿದ ರೋಲುಗಳೆಲ್ಲ ಫ್ರಿಜ್ಜಿನಲ್ಲಿರುತ್ತವೆ. ಹೊರತೆಗೆದ ಕೂಡಲೇ ಡಬ್ಬಿ ಬಿಚ್ಚುವುದಿಲ್ಲ, ಒಂದೆರಡು ಗಂಟೆ ಹಾಗೇ ಬಿಡಬೇಕು, ಇಲ್ಲವಾದರೆ ತಣ್ಣನೆಯ ಫಿಲ್ಮಿನ ಮೇಲೆ ನೀರು ಕೂರುತ್ತದೆ.

ಕಪ್ಪು-ಬಿಳುಪು ತೊಳೆಯುವುದು ಮನೆಯಲ್ಲೇ. ಡಾರ್ಕ್ ರೂಮ್ ಬೇಡ, ತೋಳು ತೂರಿಸುವ ಚೇಂಜಿಂಗ್ ಬ್ಯಾಗ್ ಮತ್ತು ಬೆಳಕು ನುಗ್ಗದ ಟ್ಯಾಂಕ್ ಇದ್ದರೆ ಸಾಕು. ನಮ್ಮಲ್ಲಿ ಕಷ್ಟ ಇರುವುದು ಆ ಬ್ಯಾಗಿನೊಳಗೇ. ಮಳೆಗಾಲದಲ್ಲಿ ಐದು ನಿಮಿಷಕ್ಕೆ ಕೈ ಬೆವರಿ, ಒಳಗೆಲ್ಲ ತೇವವಾಗಿ, ಫಿಲ್ಮು ಅದನ್ನು ಸುತ್ತುವ ಪ್ಲಾಸ್ಟಿಕ್ ಸುರುಳಿಗೆ ಅಂಟಿಕೊಳ್ಳುತ್ತದೆ. ಆಗ ಒತ್ತಿದಷ್ಟೂ ಮಡಚುತ್ತದೆ. ಸುರುಳಿಯನ್ನು ಮುಂಚೆಯೇ ಹೇರ್ ಡ್ರೈಯರಿನಿಂದ ಚೆನ್ನಾಗಿ ಒಣಗಿಸಿ, ಡ್ರೈ ಬಾಕ್ಸಿನಲ್ಲಿ ಇಟ್ಟಿದ್ದು ತೆಗೆದರೆ ಸರಾಗ. ಅಂಟಿಕೊಂಡರೆ ಫಿಲ್ಮನ್ನು ಟ್ಯಾಂಕಿನಲ್ಲಿ ಹಾಕಿ ಮುಚ್ಚಿ, ಕೈ ಹೊರತೆಗೆದು, ಒರೆಸಿ, ಒಂದು ಲೋಟ ಚಾ ಕುಡಿದು ಮತ್ತೆ ಕೂರುವುದು.

ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಡಿ-76. ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಎಂದು ಲೆಕ್ಕ. ಏಪ್ರಿಲ್‌ನಲ್ಲಿ ನಮಗೆ 20 ಡಿಗ್ರಿಯ ನೀರು ಎಲ್ಲಿಂದ? 24 ಡಿಗ್ರಿಗೆ ಆ ಏಳೂವರೆ ಐದೂಕಾಲಿಗೆ ಇಳಿಯುತ್ತದೆ. ಸಮಯ ಅಷ್ಟು ಕಡಿಮೆಯಾದಾಗ ಸಣ್ಣ ಹೆಚ್ಚುಕಡಿಮೆಯೂ ದೊಡ್ಡದಾಗುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಸಮಸಮ ನೀರು ಬೆರೆಸಿ ತೆಳು ಮಾಡಿಕೊಳ್ಳುತ್ತೇನೆ. ಆಗ 20 ಡಿಗ್ರಿಗೆ 11 ನಿಮಿಷ, 24ಕ್ಕೆ ಏಳೂಮುಕ್ಕಾಲರ ಹತ್ತಿರ. ನಡುವೆ ನಿಲ್ಲಿಸಲು ನೀರು ಬೆರೆಸಿದ ವಿನೆಗರ್ ಸಾಕು. ಆಮೇಲೆ ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ. ಹೈಪೋಗೆ ಎಷ್ಟು ಹೊತ್ತು ಎಂದು ಪುಸ್ತಕ ನೋಡಬೇಕಾಗಿಲ್ಲ. ರೋಲಿನ ತುದಿಯ ಚೂರನ್ನು ಅದರಲ್ಲಿ ಅದ್ದಿ, ಎಷ್ಟು ಹೊತ್ತಿಗೆ ತಿಳಿಯಾಗುತ್ತದೋ ಅದರ ಎರಡರಷ್ಟು ಇಡುವುದು. ಕೊನೆಯ ತೊಳೆತಕ್ಕೆ ಬಾವಿ ನೀರು ಬೇಡ, ಒಣಗಿದ ಮೇಲೆ ಸುಣ್ಣದ ಕಲೆ ಉಳಿಯಬಹುದು. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದಿಟ್ಟರೆ ಬಹಳ ದಿನ ಬರುತ್ತದೆ.

ಒಣಗಿಸಲು ಎಲ್ಲರೂ ಬಾತ್‌ರೂಮ್ ಅನ್ನುತ್ತಾರೆ. ನಮ್ಮ ಬಚ್ಚಲಲ್ಲಿ ಹಂಡೆಯ ಒಲೆ ಇದೆ, ಅಲ್ಲಿ ತೂಗುಹಾಕಿದರೆ ನೆಗೆಟಿವ್ ತುಂಬ ಬೂದಿ. ಮಾಳಿಗೆಯ ಖಾಲಿ ಕೋಣೆಯಲ್ಲಿ ಹಗ್ಗಕ್ಕೆ ಬಟ್ಟೆ ಕ್ಲಿಪ್ ಸಿಕ್ಕಿಸಿ ನೇತುಹಾಕುತ್ತೇನೆ. ಮಳೆಗಾಲದಲ್ಲಿ ಒಣಗುವುದು ನಿಧಾನ, ಆದರೆ ಗಾಳಿಯಲ್ಲಿ ಧೂಳೇ ಇರುವುದಿಲ್ಲ. ಸ್ಕ್ಯಾನ್ ಮಾಡುವಾಗ ಒಂದು ಚುಕ್ಕಿಯೂ ಒರೆಸುವ ಕೆಲಸವಿಲ್ಲ, ಬೆಂಗಳೂರಿನವರಿಗೆ ಈ ಸುಖ ಇಲ್ಲ. ಮೊದಲ ಮಳೆಯ ಹೊತ್ತಿನಲ್ಲಿ ಮಾತ್ರ ರಾತ್ರಿ ತೊಳೆಯುವುದೇ ಇಲ್ಲ. ದೀಪಕ್ಕೆ ಬರುವ ಹುಳಗಳು ಒದ್ದೆ ಜೆಲಾಟಿನ್‌ಗೆ ಅಂಟಿದರೆ ರೆಕ್ಕೆ ಸಮೇತ ಚಿತ್ರದೊಳಗೇ ಉಳಿದುಬಿಡುತ್ತವೆ.

ಬಣ್ಣದ ರೋಲು ಮನೆಯಲ್ಲಿ ತೊಳೆಯಲು 38 ಡಿಗ್ರಿಯನ್ನು ಅಲುಗದಂತೆ ಹಿಡಿಯಬೇಕು, ಆ ತಾಪತ್ರಯ ಬೇಡವೆಂದು ಕೊರಿಯರ್‌ನಲ್ಲಿ ಬೆಂಗಳೂರಿನ ಲ್ಯಾಬಿಗೆ ಕಳಿಸುತ್ತೇನೆ. ರೋಲು, ತೊಳೆತ, ಸ್ಕ್ಯಾನ್, ಕೊರಿಯರ್ ಎಲ್ಲ ಸೇರಿ ಒಂದು ಫೋಟೊಗೆ ಏನಿಲ್ಲವೆಂದರೂ ನಲವತ್ತು ರೂಪಾಯಿ ದಾಟುತ್ತದೆ. ಹಾಗಾಗಿ ಬಣ್ಣಕ್ಕೆ ಬಹುಪಾಲು ಮೊಬೈಲೇ. ಮಕ್ಕಳ ಹುಟ್ಟುಹಬ್ಬ, ನೆಂಟರ ಮದುವೆ ಇವಕ್ಕೆಲ್ಲ ಈ ಕ್ಯಾಮೆರಾ ತೆಗೆದುಕೊಂಡು ಹೋಗುವುದಿಲ್ಲ, "ಎಲ್ಲಿ ತೋರ್ಸು" ಎಂದು ಕೇಳುವವರಿಗೆ ತೋರಿಸಲು ಏನೂ ಇರುವುದಿಲ್ಲವಲ್ಲ. ವಿಮಾನದಲ್ಲಿ ಹೋಗುವವರು ರೋಲುಗಳನ್ನು ಬೇರೆ ಚೀಲದಲ್ಲಿಟ್ಟು, ಕೈಯಲ್ಲೇ ನೋಡಿ ಬಿಡಿ ಎಂದು ಕೇಳಿಕೊಳ್ಳಬೇಕು. ವಿಮಾನ ನಿಲ್ದಾಣದ ಹೊಸ ಬಗೆಯ ಸಿ.ಟಿ. ಎಕ್ಸ್-ರೇ ಸ್ಕ್ಯಾನರುಗಳು ತೊಳೆಯದ ಫಿಲ್ಮಿಗೆ ಮಸುಕು ಹಿಡಿಸುತ್ತವೆ.

ಈಚೆಗೆ ನನ್ನದರ ಮೀಟರ್ ಮುಳ್ಳು ಸೋಮಾರಿಯಾಗಿದೆ. ನೆರಳಿನಿಂದ ಬಿಸಿಲಿಗೆ ತಿರುಗಿಸಿದರೆ ಎದ್ದು ಬರಲು ಹೊತ್ತು ಬೇಕು. ರಿಪೇರಿಯವರು "ಕಳಿಸಿ, ನೋಡೋಣ" ಅಂದಿದ್ದಾರೆ. ಮಳೆ ಮುಗಿಯಲಿ ಅಂದೆ. ಅಲ್ಲಿಯವರೆಗೆ ಅಂದಾಜಿನ ಮೇಲೆ ನಡೆಯುತ್ತಿದೆ. ಶಟರ್ ವೇಗವನ್ನು ಫಿಲ್ಮಿನ ಐಎಸ್ಒ ಅಂಕಿಯ ಹತ್ತಿರಕ್ಕೆ (1/ಐಎಸ್ಒ) ಇಟ್ಟರೆ ನಡುಬಿಸಿಲಿಗೆ ಎಫ್/16, ದಟ್ಟ ಮೋಡಕ್ಕೆ ಎಫ್/5.6, ಬಯಲಿನ ನೆರಳಿಗೆ ಎಫ್/4. ಎಚ್‌ಪಿ5ಗೆ 1/500 ಇಟ್ಟುಬಿಟ್ಟರೆ ಆಗಸ್ಟಿನಲ್ಲಿ ಹೊರಗಿದ್ದಷ್ಟು ಹೊತ್ತು ಎಫ್/5.6ರಿಂದ ಕೈ ತೆಗೆಯುವ ಸಂದರ್ಭವೇ ಕಡಿಮೆ. ತೋಟದೊಳಕ್ಕೆ ಇಳಿದರೆ 1/60, ಎಫ್/2.8.